ದಂತಮೂಲ: ಆಳಂದ ಸೀಮೆಯ ವಸಡುರೋಗದ ಇತಿಹಾಸಕ್ಕೊಂದು ಪೀಠಿಕೆ

ಹಲ್ಲಿನ ವಿಷಯವಾಗಿ ಕನ್ನಡದಲ್ಲಿ ಗಾದೆಗಳಿಗೆ ಕೊರತೆಯಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬುದನ್ನು ಕೇಳದ ಕನ್ನಡಿಗನಿರಲಾರನು. ಆದರೆ ಆ ಹಲ್ಲನ್ನು ಹಿಡಿದು ನಿಲ್ಲಿಸಿರುವ ವಸಡಿನ ವಿಷಯವಾಗಿ ಒಂದಾದರೂ ಗಾದೆಯನ್ನು ನೆನಪಿಗೆ ತಂದುಕೊಳ್ಳಲು ನಾವು ಬಹಳ ಹೊತ್ತು ಯತ್ನಿಸಿ ವಿಫಲರಾದೆವು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ನಡುವಯಸ್ಸು ದಾಟಿದವರು ಕಳೆದುಕೊಳ್ಳುವ ಹಲ್ಲುಗಳಲ್ಲಿ ಅನೇಕವು ಹುಳುಕಿಲ್ಲದ, ಗಟ್ಟಿಯಾದ ಹಲ್ಲುಗಳೆಂಬುದನ್ನು ನೆನೆದಾಗ ಈ ಮೌನಕ್ಕೆ ಅರ್ಥ ಬರುತ್ತದೆ. ಅಲ್ಲಿ ಕೆಟ್ಟಿರುವುದು ಹಲ್ಲಲ್ಲ. ಅದರ ಬುಡದ ಮಾಂಸ ಮತ್ತು ಆ ಮಾಂಸದೊಳಗಿನ ಮೂಳೆ. ಜನರು ಮಾತ್ರ ಹಲ್ಲನ್ನು ದೂರುತ್ತಾರೆ, ಹಲ್ಲನ್ನು ಕೀಳಿಸುತ್ತಾರೆ.

ವೈದ್ಯಕ್ಕೆ ಸಂಬಂಧಿಸಿದ ಈ ವಿಷಯವು ಇತಿಹಾಸದ ಪತ್ರಿಕೆಯಲ್ಲಿ ಏಕೆ ಎಂದು ಕೆಲವರು ಕೇಳಬಹುದು. ರೋಗಕ್ಕೆ ಇತಿಹಾಸವಿರುವಂತೆ ರೋಗವನ್ನು ಕಾಣುವ ಕಣ್ಣಿಗೂ ಇತಿಹಾಸವಿದೆ ಎಂಬುದೇ ನಮ್ಮ ಉತ್ತರ. ವಸಡನ್ನು ಹಲ್ಲಿನಿಂದ ಬೇರೆಯಾಗಿ ಎಣಿಸಿ, ಅದರ ರೋಗಗಳಿಗೆ ಪ್ರತ್ಯೇಕ ಹೆಸರಿಟ್ಟ ವೈದ್ಯಶಾಸ್ತ್ರವೊಂದು ಈ ನಾಡಿನಲ್ಲಿ ಬಳಕೆಯಲ್ಲಿದ್ದಿತು. ಅನಂತರದ ಶತಮಾನಗಳಲ್ಲಿ ಆ ವಿವೇಕವು ಜನರ ಆಡುಮಾತಿನಿಂದಲೂ, ಬಹುಮಟ್ಟಿಗೆ ಸರ್ಕಾರದ ಏರ್ಪಾಡುಗಳಿಂದಲೂ ಜಾರಿಹೋಯಿತು. ಪ್ರಕೃತ ಲೇಖನದಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ಜಾರುವಿಕೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಆಳಂದವು ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ಹುಟ್ಟೂರಾಗಿ ಬರುವ ಅಲಂದೆ. ಅದರ ಆಗ್ನೇಯಕ್ಕೆ ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡ, ಈಶಾನ್ಯಕ್ಕೆ ಚಾಲುಕ್ಯರ ಕಲ್ಯಾಣ, ನೈರುತ್ಯಕ್ಕೆ ಭೀಮಾನದಿಯಾಚೆ ಆದಿಲಶಾಹಿಗಳ ವಿಜಾಪುರ, ಪಶ್ಚಿಮಕ್ಕೆ ಸೊಲ್ಲಾಪುರ. ಮುಂದೆ ಹೇಳಲಿರುವ ಕಥೆಯ ಮುಖ್ಯ ಘಟ್ಟಗಳು ಈ ನಾಲ್ಕು ಊರುಗಳ ನಡುವೆಯೇ ನಡೆಯುತ್ತವೆ.

ಮೊದಲು ಸುಶ್ರುತನಿಂದ ಆರಂಭಿಸತಕ್ಕುದು. ಸುಶ್ರುತಸಂಹಿತೆಯ ನಿದಾನಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಬಾಯಿಯ ರೋಗಗಳನ್ನು ಒಟ್ಟು 65 ಎಂದು ಎಣಿಸಿದೆ. ಅವುಗಳಲ್ಲಿ ತುಟಿಗೆ ಸಂಬಂಧಿಸಿದವು 8, ದಂತಮೂಲಕ್ಕೆ ಅಂದರೆ ವಸಡಿಗೆ 15, ಹಲ್ಲಿಗೆ 8, ನಾಲಗೆಗೆ 5, ಅಂಗುಳಿಗೆ 9, ಗಂಟಲಿಗೆ 17, ಇಡೀ ಬಾಯನ್ನು ಆವರಿಸುವವು 3. ಹಲ್ಲಿನ ರೋಗಗಳಿಗಿಂತ ವಸಡಿನ ರೋಗಗಳು ಹೆಚ್ಚುಕಡಿಮೆ ಎರಡರಷ್ಟಿವೆ ಎಂಬುದನ್ನು ಓದುಗರು ಗಮನಿಸಬೇಕು. ಕಾರಣವಿಲ್ಲದೆಯೇ ವಸಡಿನಿಂದ ರಕ್ತ ಒಸರುವುದು, ಮಾಂಸವು ಕಪ್ಪಾಗಿ ಮೆತ್ತಗಾಗಿ ದುರ್ಗಂಧದೊಡನೆ ಕೊಳೆತು ಉದುರುವುದು, ಒಂದೆಡೆಯ ಕೊಳೆತವು ನೆರೆಯ ಮಾಂಸವನ್ನೂ ಕೊಳೆಸುವುದು ಶೀತಾದವೆಂಬ ರೋಗದ ಲಕ್ಷಣ. ಕೀವೂ ರಕ್ತವೂ ಸುರಿದು ಹಲ್ಲುಗಳು ಅಲುಗಾಡುವುದು ದಂತವೇಷ್ಟ. ಇವೆರಡಕ್ಕಿಂತ ಘೋರವಾದುದು ಮಹಾಸೌಷಿರ. ಅದರಲ್ಲಿ ಹಲ್ಲುಗಳು ಬುಡದಿಂದ ಕದಲುತ್ತವೆ, ವಸಡು ಪಾಕವಾಗುತ್ತದೆ, ಅಂಗುಳು ಸೀಳಿಹೋಗುತ್ತದೆ. ಚಿಕಿತ್ಸಾಸ್ಥಾನದಲ್ಲಿ ಸುಶ್ರುತನು ವಸಡಿನ ರೋಗಗಳಲ್ಲಿ ಎರಡನ್ನು ಅಸಾಧ್ಯವೆಂದು ಕೈಬಿಟ್ಟಿದ್ದಾನೆ. ಒಂದು ತ್ರಿದೋಷಜವಾದ ನಾಡಿ, ಅಂದರೆ ಕೀವಿನ ಕೊಳವೆಹುಣ್ಣು. ಇನ್ನೊಂದು ಸೌಷಿರ, ಮಹಾಸೌಷಿರವೇ ಇಲ್ಲಿ ಉದ್ದಿಷ್ಟವೆಂದು ತಿಳಿಯುತ್ತಾರೆ.

ಹಳೆಯ ಹೆಸರುಗಳ ಮೇಲೆ ಹೊಸ ರೋಗಗಳ ಹೆಸರನ್ನು ಅಂಟಿಸುವುದು ಅಪಾಯದ ಕೆಲಸ. ಶೀತಾದವನ್ನು ಕೆಲವರು ಸ್ಕರ್ವಿ ಎನ್ನುವರು, ಕೆಲವರು ವಿನ್ಸೆಂಟನ ಕೊಳೆವಸಡು ಎನ್ನುವರು. ಮಹಾಸೌಷಿರವನ್ನು ಮಕ್ಕಳ ಕೆನ್ನೆಯನ್ನೇ ತಿಂದುಹಾಕುವ ನೋಮಾ ಎಂದು ಹೇಳಿದವರೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಇಂಥ ಸಮೀಕರಣಕ್ಕೆ ಅವಸರಪಡಬೇಕಾಗಿಲ್ಲ. ಸಾಮಾನ್ಯ ರಕ್ತಸ್ರಾವದಿಂದ ಹಿಡಿದು ಮುಖವನ್ನೇ ಕೆಡಿಸುವ ಕೊಳೆತದವರೆಗೆ ವಸಡಿನ ಕೇಡಿಗೆ ಮೆಟ್ಟಿಲುಗಳಿವೆಯೆಂದೂ ಕೊನೆಯ ಮೆಟ್ಟಿಲಿನಲ್ಲಿ ವೈದ್ಯನು ನಿರುಪಾಯನೆಂದೂ ಆ ಗ್ರಂಥಕಾರನು ಕಂಡಿದ್ದನು. ಇಷ್ಟೇ ನಮಗೆ ಸಾಕು.

ಚಿಕಿತ್ಸೆಯೂ ಗಮನಾರ್ಹವಾಗಿದೆ. ಕೆಟ್ಟ ರಕ್ತವನ್ನು ಹೊರಹರಿಸಿದ ಮೇಲೆ ದಂತವೇಷ್ಟಕ್ಕೆ ಲೋಧ್ರ, ಪತ್ತಂಗ, ಜೇಷ್ಠಮಧು, ಅರಗು ಇವುಗಳ ಪುಡಿಯನ್ನು ಜೇನಿನಲ್ಲಿ ಕಲಸಿ ಉಜ್ಜಬೇಕು. ಶೀತಾದಕ್ಕೆ ಶುಂಠಿ, ಸಾಸಿವೆ, ತ್ರಿಫಲೆಗಳ ಕಷಾಯದಿಂದ ಬಾಯಿ ಮುಕ್ಕಳಿಸಬೇಕು. ಹಲ್ಲಿಗೆ ಅಂಟಿ ಕಲ್ಲಾಗುವ ಮಲಕ್ಕೆ ದಂತಶರ್ಕರವೆಂದು ಹೆಸರು. ಅದನ್ನು ತೆಗೆಯುವಾಗ ವಸಡಿಗೆ ನೋವಾಗಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ಹಲ್ಲುಕಡ್ಡಿಯ ವಿಷಯದಲ್ಲಿಯೂ ಅದೇ ಎಚ್ಚರಿಕೆ: ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ಗಾತ್ರ, ಕಹಿಯಲ್ಲಿ ಬೇವು ಮೇಲು, ಒಗರಿನಲ್ಲಿ ಖದಿರ ಮೇಲು, ಉಜ್ಜುವಾಗ ವಸಡು ಗಾಯಗೊಳ್ಳಬಾರದು. ಇಂದಿನ ದಂತವೈದ್ಯನು ಬ್ರಷ್ಷನ್ನು ಕುರಿತು ಹೇಳುವುದೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ.

ಈ ಶಾಸ್ತ್ರವು ನಮ್ಮ ಸೀಮೆಗೆ ದೂರದ ಮಾತಾಗಿರಲಿಲ್ಲ. ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಜೈನಮುನಿ ಉಗ್ರಾದಿತ್ಯನು ಮಾಂಸಭಕ್ಷಣದ ನಿರರ್ಥಕತೆಯನ್ನು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದನೆಂದು ಆ ಗ್ರಂಥದಿಂದಲೇ ತಿಳಿದುಬರುತ್ತದೆ. ಈ ನೃಪತುಂಗನು 9ನೆಯ ಶತಮಾನದ ಅಮೋಘವರ್ಷನಾದರೆ, ಆ ಸಭೆ ಮಳಖೇಡದ್ದು. ಗ್ರಂಥವು ಅಚ್ಚಾಗಿ ಹೊರಬಂದುದು 1940ರಲ್ಲಿ, ಸೊಲ್ಲಾಪುರದಿಂದ, ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ. ಒಂದು ಗ್ರಂಥದ ಹುಟ್ಟಿನ ಕೀರ್ತಿಗೂ ಮರುಹುಟ್ಟಿಗೂ ಆಳಂದದ ಎಡಬಲದ ಎರಡು ಊರುಗಳು ಸಾಕ್ಷಿಯಾದುದು ಆಕಸ್ಮಿಕವಾದರೂ ಸಂತೋಷದ ಸಂಗತಿ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಇದೇ ಹೆಸರಿನ ಗ್ರಂಥವನ್ನು ಕನ್ನಡಕ್ಕೆ ತಂದನು. ಮದ್ಯ, ಮಾಂಸ, ಮಧು ಈ ಮೂರನ್ನೂ ವರ್ಜಿಸುವುದು ಈ ಜೈನವೈದ್ಯ ಪರಂಪರೆಯ ವೈಶಿಷ್ಟ್ಯ. ವಸಡಿನ ಚಿಕಿತ್ಸೆಯಲ್ಲಿ ಸುಶ್ರುತನು ಹೆಜ್ಜೆಹೆಜ್ಜೆಗೂ ಜೇನನ್ನು ಹೇಳಿರುವಾಗ, ಜೇನನ್ನು ಬಿಟ್ಟು ವೈದ್ಯ ನಡೆಸುವುದೆಂದರೆ ಮೂಲದ ನಕಲಿಗೆ ಅವಕಾಶವಿಲ್ಲವೆಂದೇ ಅರ್ಥ. ಒಗರು ಮೂಲಿಕೆಗಳನ್ನೇ ನೆಚ್ಚಬೇಕಾಗುತ್ತದೆ. ಈ ಬಯಲುಸೀಮೆಯಲ್ಲಿ ಒಗರಿಗೆ ಬರವಿರಲಿಲ್ಲ. ಕರಿಜಾಲಿಯೂ ಬೇವೂ ಹೊಲದ ಬದುಗಳ ಮೇಲೆಯೇ ಇದ್ದವು.

ಇಸ್ಲಾಮಿನೊಡನೆ ಯೂನಾನಿ ವೈದ್ಯವೂ ಮಿಸ್ವಾಕ್ ಕಡ್ಡಿಯೂ ಬಂದವು. ಯೂನಾನಿಯಲ್ಲಿ ಹಲ್ಲುಪುಡಿಗೆ ಸುನೂನ್ ಎಂಬ ಪ್ರತ್ಯೇಕ ವರ್ಗವೇ ಇದೆ; ವಸಡನ್ನು ಬಿಗಿಗೊಳಿಸುವುದು ಅದರ ಉದ್ದೇಶಗಳಲ್ಲೊಂದು. ಲಾಡ್ಲೆ ಮಶಾಯಕರ ದರ್ಗಾ ಇರುವ ಆಳಂದದಂಥ ಊರಿನಲ್ಲಿ ಬೇವಿನ ಕಡ್ಡಿಯೂ ಮಿಸ್ವಾಕವೂ ನೆರೆಹೊರೆಯಾಗಿ ಬಾಳಿದುದು ಸಹಜವೇ ಆಗಿದೆ.

ಹಾಗಾದರೆ ಈ ವಿವೇಕವು ಕುಂದಿದುದು ಎಲ್ಲಿ? ತಾಂಬೂಲವನ್ನು ನಾವು ಮೊದಲ ಅಪರಾಧಿಯೆಂದು ಎಣಿಸಲಾರೆವು. ಕಲ್ಯಾಣದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ತಾಂಬೂಲವು ಅರಸನ ಭೋಗಗಳಲ್ಲೊಂದು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ವೀಳ್ಯದ ಗುಣಗಾನವನ್ನೇ ಮಾಡಿದ್ದಾನೆ. ಅಡಕೆ ನಿರಪಾಯವಲ್ಲವೆಂಬುದು ಇಂದು ಸಿದ್ಧವಾಗಿದೆಯಾದರೂ ವಸಡಿನ ಮಟ್ಟಿಗೆ ನಿಜವಾದ ತಿರುವು ಬಂದುದು ಆ ವೀಳ್ಯದೊಳಕ್ಕೆ ಹೊಸದೊಂದು ಎಲೆ ಸೇರಿದಾಗ.

ಆ ಎಲೆಯ ಪ್ರವೇಶಕ್ಕೆ ವಿಜಾಪುರವೇ ಸಾಕ್ಷಿ. ಅಕ್ಬರನ ರಾಯಭಾರಿಯಾಗಿ ಎರಡನೆಯ ಇಬ್ರಾಹೀಮ್ ಆದಿಲಶಹನ ಬಳಿಗೆ ಬಂದಿದ್ದ ಅಸದ್ ಬೇಗನು ಹಿಂದೂಸ್ಥಾನದಲ್ಲಿ ತಾನು ಅದುವರೆಗೆ ಕಾಣದಿದ್ದ ತಂಬಾಕನ್ನು ವಿಜಾಪುರದಲ್ಲಿ ಕಂಡು, ರತ್ನಖಚಿತವಾದ ಕೊಳವೆಯೊಡನೆ ಅದನ್ನು ಆಗ್ರಾಕ್ಕೆ ಒಯ್ದನು. 1605ರಲ್ಲಿ ಅಕ್ಬರನು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚಿನ ಮಾತಿದು. ಬಾದಶಹನು ಕುತೂಹಲದಿಂದ ಒಂದೆರಡು ಸಲ ಸೇದಿದನೆಂದೂ ಆಸ್ಥಾನದ ಹಕೀಮನು ಆಕ್ಷೇಪಿಸಿದನೆಂದೂ ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಗೋವೆಯ ಪೋರ್ಚುಗೀಸರಿಂದ ವಿಜಾಪುರಕ್ಕೆ, ವಿಜಾಪುರದಿಂದ ಉತ್ತರಕ್ಕೆ ಹಬ್ಬಿದ ಈ ಎಲೆಯು ಭೀಮಾತೀರದ ಅಫಜಲಪುರ ಜೇವರ್ಗಿಗಳಿಗೆ ಆಗ್ರಾಕ್ಕಿಂತ ಮೊದಲೇ ತಲಪಿರಬೇಕೆಂದು ಊಹಿಸಲವಕಾಶವಿದೆ.

ಸೇದುವ, ಜಗಿಯುವ ಅಭ್ಯಾಸಗಳಿಗಿಂತಲೂ ನಮ್ಮ ಪ್ರಕರಣಕ್ಕೆ ಮುಖ್ಯವಾದುದು ಮಿಶ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು, ಪುಡಿಮಾಡಿ, ಬೆರಳಿನಿಂದ ಹಲ್ಲಿಗೂ ವಸಡಿಗೂ ತಿಕ್ಕುವ ಈ ರೂಢಿಯು ಮಹಾರಾಷ್ಟ್ರದಲ್ಲಿಯೂ ಅದಕ್ಕೆ ತಗುಲಿದ ಕನ್ನಡ ಸೀಮೆಯಲ್ಲಿಯೂ, ವಿಶೇಷವಾಗಿ ಹೆಂಗಸರಲ್ಲಿ, ಬೇರೂರಿತು. ಹೆಂಗಸು ಬೀಡಿ ಸೇದಿದರೆ ಊರು ಆಡಿಕೊಳ್ಳುತ್ತದೆ. ಹಲ್ಲು ತಿಕ್ಕಿದರೆ ಯಾರೂ ಏನೂ ಎನ್ನುವುದಿಲ್ಲ. ಹಲ್ಲುನೋವಿಗೆಂದು ಒಂದು ಬೆಳಗ್ಗೆ ಆರಂಭವಾಗುವ ಈ ಪುಡಿಯು ಕೆಲವೇ ತಿಂಗಳಲ್ಲಿ ದಿನಕ್ಕೆ ನಾಲ್ಕಾರು ಸಲದ ಚಟವಾಗುತ್ತದೆ. ಅದು ನೋವನ್ನು ಮರಗಟ್ಟಿಸುವುದು ನಿಜ, ಕೇಡು ಇರುವುದೂ ಅಲ್ಲಿಯೇ. ತಂಬಾಕಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಧೂಮಪಾನಿಗಳ ವಸಡಿನಲ್ಲಿ ರಕ್ತ ಒಸರುವುದು ಕಡಮೆಯಾಗಿ ಕಂಡು, ಒಳಗೆ ಮೂಳೆಯು ಕರಗುತ್ತಲೇ ಹೋಗುತ್ತದೆಂಬುದು ಇಂದು ಚೆನ್ನಾಗಿ ತಿಳಿದ ವಿಷಯ. ಪುಡಿಯನ್ನು ಇರಿಸಿಕೊಳ್ಳುವ ಸ್ಥಳದಲ್ಲಿ ವಸಡು ಸರಿದು ಹಲ್ಲಿನ ಬೇರು ಬರಿದಾಗುವುದೂ ಉಂಟು. ಸುಶ್ರುತನು ಯಾವ ರಕ್ತವನ್ನು ರೋಗದ ಮೊದಲ ಕರೆಯೆಂದು ಬರೆದಿದ್ದನೋ ಆ ಕರೆಯನ್ನೇ ತಂಬಾಕು ಅಡಗಿಸಿಬಿಟ್ಟಿತು. ಔಷಧವೂ ರೋಗವೂ ಒಂದೇ ಡಬ್ಬಿಯಲ್ಲಿ ಸೇರಿಕೊಂಡವು.

ಎರಡನೆಯ ತಿರುವು ಹೊಟ್ಟೆಯದು. ಈ ಸೀಮೆ ಜೋಳದ ಸೀಮೆ. 1876–78ರ ಮಹಾಕ್ಷಾಮವನ್ನು ಕಂಡ ಸೀಮೆ. ಜೋಳದ ರೊಟ್ಟಿಯನ್ನು ನಾವು ನಿಂದಿಸುವವರಲ್ಲ. ಆದರೆ 1960ರಲ್ಲಿ ಹೈದರಾಬಾದಿನ ಪೋಷಣ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ಇಲ್ಲಿ ಸ್ಮರಿಸಲೇಬೇಕು. ಪೆಲಾಗ್ರವೆಂಬ ರೋಗವು ಮೆಕ್ಕೆಜೋಳ ತಿನ್ನುವವರಿಗೆ ಮಾತ್ರ ಬರುವುದೆಂಬ ಪ್ರತೀತಿಗೆ ವಿರುದ್ಧವಾಗಿ, ದಖನಿನ ಬಡ ಜೋಳಾಹಾರಿಗಳಲ್ಲಿಯೂ ಅದು ಇರುವುದನ್ನು ಅವರು ಮುಂದಿಟ್ಟರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವು ನಯಾಸಿನ್ ಜೀವಸತ್ತ್ವದ ಬಳಕೆಗೆ ಅಡ್ಡಿಯಾಗುವುದೆಂದು ಕಾರಣ ಹೇಳಿದರು. ಆ ಕಾರಣವನ್ನು ಮುಂದೆ ಎಲ್ಲರೂ ಒಪ್ಪಲಿಲ್ಲವಾದರೂ ರೋಗಿಗಳು ಸುಳ್ಳಲ್ಲ. ಪೆಲಾಗ್ರದಲ್ಲಿ ನಾಲಗೆ ಕೆಂಪಡರಿ ಬಾಯೆಲ್ಲ ಹುಣ್ಣಾಗುತ್ತದೆ. ಸೋತ ಬಾಯಿಯ ವಸಡಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಸುಲಭವಾಗಿ ನೆಲೆಯೂರುತ್ತವೆ. ಇನ್ನೊಂದು ಮಾತು: ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿ, ತೊಗರಿಬೇಳೆ, ಒಂದಿಷ್ಟು ಸೊಪ್ಪಿನ ಪಲ್ಯ ಇರುವ ಗಂಗಾಳದ ಮುಂದೆ ಈ ರೋಗ ನಿಲ್ಲಲಾರದು, ಶೇಂಗಾದಲ್ಲಿ ಆ ನಯಾಸಿನ್ ಹೇರಳವಾಗಿದೆ. ಬರೀ ರೊಟ್ಟಿ, ಖಾರ, ನೀರು ಇವುಗಳಿಂದಲೇ ತಿಂಗಳುಗಟ್ಟಲೆ ಬದುಕಿದವರ ರೋಗವಿದು. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿಯೂ ಬೇಳೆಯು ಬೆಳೆದವನ ಮನೆಯಲ್ಲಿ ಉಳಿಯುತ್ತಿತ್ತೆಂದು ಭಾವಿಸುವುದು ತಪ್ಪಾದೀತು.

ಕೊಳೆಸುವ ಆ ಸೂಕ್ಷ್ಮಜೀವಿಗಳ ಕಥೆ ಯುರೋಪಿನದು, ಸಂಕ್ಷೇಪವಾಗಿ ಹೇಳುತ್ತೇವೆ. ಹಾಲೆಂಡಿನ ಲೇವನ್‌ಹುಕನು ತನ್ನ ಹಲ್ಲಿನ ಪಾಚಿಯನ್ನು ಮಸೂರದಡಿ ಇಟ್ಟು ಅದರಲ್ಲಿ ಚಲಿಸುವ ಜೀವಿಗಳಿವೆಯೆಂದು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. 1894ರಲ್ಲಿ ಜರ್ಮನಿಯ ಪ್ಲೌಟ್, 1896ರಲ್ಲಿ ಫ್ರಾನ್ಸಿನ ವಿನ್ಸೆಂಟ್, ಕದಿರಿನಾಕಾರದ ಒಂದು ಬ್ಯಾಕ್ಟೀರಿಯವೂ ಸುರುಳಿಯಾಕಾರದ ಇನ್ನೊಂದೂ ಜೊತೆಗೂಡಿ ಬಾಯಿ ಗಂಟಲುಗಳ ಮಾಂಸವನ್ನು ಕೊಳೆಸುವುದನ್ನು ವಿವರಿಸಿದರು. ಒಂದನೆಯ ಮಹಾಯುದ್ಧದ ಕಂದಕಗಳಲ್ಲಿ ನಿದ್ರೆಯಿಲ್ಲದೆ, ಬಾಯಿ ತೊಳೆಯದೆ, ಹೊಗೆ ಸೇದುತ್ತ ಕುಳಿತ ಸೈನಿಕರಲ್ಲಿ ಇದು ಹಬ್ಬಿದುದರಿಂದ ಕಂದಕದ ಬಾಯಿ ಎಂಬ ಹೆಸರೇ ನಿಂತಿತು. ಪಾಶ್ಚಾತ್ಯ ಪಠ್ಯಗಳಲ್ಲಿ ಇದು ತರುಣರ ರೋಗ: ಸೈನಿಕರದು, ಪರೀಕ್ಷೆಗೆ ಓದುವ ವಿದ್ಯಾರ್ಥಿಗಳದು.

ನಮ್ಮಲ್ಲಿ ಹಾಗಲ್ಲವೆಂಬುದು ಬೆಂಗಳೂರಿನಲ್ಲಿ ತಿಳಿದುಬಂದಿತು. ಅಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದುದು 1958ರಲ್ಲಿ. ಕೆಲವು ವರ್ಷಗಳಲ್ಲಿಯೇ ಡೆನ್ಮಾರ್ಕಿನ ಜೆ. ಜೆ. ಪಿಂಡ್‌ಬೋರ್ಗ್ ಅವರು ಎಂ. ಭಟ್ ಮೊದಲಾದವರೊಡನೆ ಬೆಂಗಳೂರಿನಲ್ಲಿ 10,000 ಜನರ ಬಾಯಿಗಳನ್ನು ಪರೀಕ್ಷಿಸಿದರು. 1966ರಲ್ಲಿ ಇವರೆಲ್ಲರ ಹೆಸರಿನಲ್ಲಿ ದಕ್ಷಿಣ ಭಾರತದ ಮಕ್ಕಳಲ್ಲಿ ತೀವ್ರ ಕೊಳೆವಸಡಿನ ಇರುವಿಕೆಯನ್ನು ಕುರಿತ ಲೇಖನವೂ, 1967ರಲ್ಲಿ ಸಸಾರಜನಕದ ತೀವ್ರ ಕೊರತೆಯುಳ್ಳ ಮಕ್ಕಳ ಬಾಯಿಯ ಬದಲಾವಣೆಗಳನ್ನು ಕುರಿತ ಲೇಖನವೂ ಹೊರಬಂದವು. ಪಶ್ಚಿಮದಲ್ಲಿ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಅಪರೂಪವೆನಿಸಿದ ರೋಗವು ಇಲ್ಲಿ ಮಕ್ಕಳ ರೋಗವಾಗಿತ್ತು. ಹಸಿವು, ಅದರ ಮೇಲೆ ದಡಾರದಂಥ ಜ್ವರ, ಅದರ ಮೇಲೆ ತೊಳೆಯದ ಬಾಯಿ: ಈ ಮೂರು ಕೂಡಿದಾಗ ವಸಡಿನಲ್ಲಿ ಹೊತ್ತಿದ ಕೊಳೆತವು ಒಮ್ಮೊಮ್ಮೆ ಕೆನ್ನೆಯನ್ನು ಭೇದಿಸಿ ನೋಮಾ ಆಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಬಹುಪಾಲು ಮಕ್ಕಳು ಸಾಯುತ್ತಾರೆ. ಬದುಕಿದವರು ಮುಖವಿಲ್ಲದೆ ಬದುಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದುದು 2023ರ ಡಿಸೆಂಬರಿನಲ್ಲಿ. ಉಪೇಕ್ಷೆಯು ಅಧಿಕೃತವಾಗುವುದಕ್ಕೂ ಇಷ್ಟು ಕಾಲ ಬೇಕಾಯಿತು.

ಇದರ ನಡುವೆ ಔಷಧವು ದೊರೆತ ಬಗೆ ವಿನೋದಕರವಾಗಿದೆ. ಬೇರೊಂದು ಸೋಂಕಿಗಾಗಿ ಮೆಟ್ರೋನಿಡಜೋಲ್ ಸೇವಿಸಿದ ಆಂಗ್ಲ ಮಹಿಳೆಯೊಬ್ಬಳ ವಸಡೂ ತಾನಾಗಿ ವಾಸಿಯಾಯಿತು. ಇದನ್ನು ಗಮನಿಸಿದ ಶಿನ್ ಎಂಬಾತನು 1962ರಲ್ಲಿ ಲ್ಯಾನ್ಸೆಟ್ಟಿನಲ್ಲಿ ಪ್ರಕಟಿಸಿದನು. ಇಂದು ಅದು ಯಾವ ಔಷಧದಂಗಡಿಯಲ್ಲಿಯೂ ಸಿಗುವ ಅಗ್ಗದ ಗುಳಿಗೆ. ಎರಡು ಮೂರು ದಿನಗಳಲ್ಲಿ ನೋವೂ ದುರ್ಗಂಧವೂ ಇಳಿಯುತ್ತವೆ. ನೋವಿಳಿದವನು ಮತ್ತೆ ವೈದ್ಯನ ಕಡೆ ತಿರುಗಿ ನೋಡುವುದಿಲ್ಲ. ಆದರೆ 1965ರಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಪ್ರಯೋಗವು ಮೂಲವನ್ನು ತೋರಿಸಿಕೊಟ್ಟಿತ್ತು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಗೊಂಡಿತು. ಉಜ್ಜಲು ತೊಡಗಿದೊಡನೆ ಮೊದಲಿನಂತಾಯಿತು. ಪಾಚಿಯು ಕಲ್ಲಾಗಿ, ಕಲ್ಲಿನಡಿ ಮೂಳೆ ಕರಗಿದ ಮೇಲೆ ಮಾತ್ರ ಹಿಂದಿರುಗುವ ದಾರಿಯಿಲ್ಲ. ದಂತಶರ್ಕರವನ್ನು ತೆಗೆಯಬೇಕೆಂಬ ಹಳೆಯ ವಿಧಿಗೆ ಇದಕ್ಕಿಂತ ಒಳ್ಳೆಯ ಭಾಷ್ಯ ನಮಗೆ ಕಾಣದು.

ಆ ಕಲ್ಲನ್ನು ತೆಗೆಯುವವರು ಆಳಂದದಲ್ಲಿ ಯಾರಿದ್ದರು? 1946ರ ಭೋರ್ ಸಮಿತಿಯ ವರದಿಯು ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 3 ಲಕ್ಷ ಜನರಿಗೆ ಒಬ್ಬ ದಂತವೈದ್ಯನೆಂದು ಲೆಕ್ಕ ಹಾಕಿತು. ನಿಜಾಮರ ಆಳ್ವಿಕೆಗೆ ಸೇರಿದ್ದ ನಮ್ಮ ಸೀಮೆಯು ಆ ಲೆಕ್ಕದೊಳಗೂ ಬಂದಿರಲಿಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಕಲಬುರಗಿಯು ಮೈಸೂರು ರಾಜ್ಯವನ್ನು ಸೇರಿತು. ದಂತವೈದ್ಯ ಕಾಲೇಜು ಮಾತ್ರ ಕಲಬುರಗಿಗೆ ಬಂದುದು 1980ರ ದಶಕದಲ್ಲಿ. ಅದುವರೆಗೆ ಜಾತ್ರೆಯಲ್ಲಿ ಇಕ್ಕಳ ಹಿಡಿದು ಕುಳಿತವನೇ ದಂತವೈದ್ಯನು. ಅವನ ವಿದ್ಯೆ ಕೀಳುವುದಷ್ಟೇ. ಈಗ ವೈದ್ಯರಿದ್ದಾರೆ, ಶಾಸ್ತ್ರವಿದೆ. ಆದರೂ ಬಡತನರೇಖೆಗಿಂತ ಕೆಳಗಿನ ವೃದ್ಧರಿಗೆ ಉಚಿತವಾಗಿ ಹಲ್ಲುಕಟ್ಟು ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರವು ಕಳೆದ ದಶಕದಲ್ಲಿ ಕೈಗೊಂಡಾಗ ಅದಕ್ಕಿಟ್ಟ ಹೆಸರು ದಂತಭಾಗ್ಯ. ಯೋಜನೆಯನ್ನು ನಾವು ಹಳಿಯುವುದಿಲ್ಲ. ಹಲ್ಲಿಲ್ಲದ ಮುದುಕನಿಗೆ ಅದು ಭಾಗ್ಯವೇ ಸರಿ. ಆ ಹಲ್ಲುಗಳು ಯಾವ ರೋಗದಿಂದ ಹೋದುವೋ ಅದರ ಹೆಸರು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ.

ಕಾನೂನಿನ ಕಥೆಯೂ ಇಂಥದೇ. ಹಲ್ಲುಪುಡಿ, ಟೂತ್‌ಪೇಸ್ಟುಗಳಲ್ಲಿ ತಂಬಾಕನ್ನು ಬೆರೆಸುವುದನ್ನು ಕೇಂದ್ರ ಸರ್ಕಾರವು 1992ರಲ್ಲಿ ನಿಷೇಧಿಸಿತು. ತಯಾರಕನೊಬ್ಬನು ಇದನ್ನು ಪ್ರಶ್ನಿಸಿದಾಗ, ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮೀಕಾಂತ ಪ್ರಕರಣದಲ್ಲಿ 1997ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಆ ಆಜ್ಞೆಯು ಕಾರ್ಖಾನೆಯಲ್ಲಿ ತಯಾರಾಗಿ, ಹಲ್ಲಿಗೆಂದು ಚೀಟಿ ಅಂಟಿಸಿಕೊಂಡು ಬರುವ ಡಬ್ಬಿಗೆ ಅನ್ವಯಿಸುತ್ತದೆ. ಸಂತೆಯಲ್ಲಿ ಎಲೆ ಕೊಂಡು, ರೊಟ್ಟಿ ಬೇಯಿಸಿ ಮುಗಿದ ಮೇಲೆ ಬಿಸಿಯಾಗಿಯೇ ಉಳಿದ ಹಂಚಿನ ಮೇಲೆ ಅದನ್ನು ಹುರಿದುಕೊಳ್ಳುವ ಹೆಂಗಸಿಗೆ ಅದು ಅನ್ವಯಿಸುವುದಿಲ್ಲ.